ಸಂಗೀತ ಸಭಾಂಗಣಕ್ಕೆ ಶಬ್ದಮಿತಿ: ‘ನಾವೇ ಮೊದಲು ಬಂದವರು’ ಎಂಬ ವಾದ ನಿಲ್ಲುತ್ತದೆಯೇ?

ಪ್ರಶ್ನೆ: ಬೆಂಗಳೂರಿನ ದಕ್ಷಿಣ ಭಾಗದಲ್ಲಿ ನಮ್ಮ ತಂದೆಯವರು ನಡೆಸುತ್ತಿದ್ದ ಮುದ್ರಣಾಲಯದ ಕಟ್ಟಡವನ್ನು 7 ವರ್ಷಗಳ ಹಿಂದೆ 90 ಆಸನಗಳ ಸಣ್ಣ ಸಂಗೀತ ಸಭಾಂಗಣವಾಗಿ ಮಾರ್ಪಡಿಸಿದೆವು. ಗೋಡೆ 9 ಇಂಚಿನ ಇಟ್ಟಿಗೆಯದು, ಛಾವಣಿ ಕಬ್ಬಿಣದ ಶೀಟಿನದು. ವಾರಾಂತ್ಯದಲ್ಲಿ ಭಾವಗೀತೆ, ವೀಣೆ, ಜಾಝ್, ಕೆಲವೊಮ್ಮೆ ಡ್ರಮ್ಸ್ ಇರುವ ಬ್ಯಾಂಡ್‌ಗಳ ಕಾರ್ಯಕ್ರಮ ನಡೆಯುತ್ತದೆ. 2 ವರ್ಷಗಳ ಹಿಂದೆ ಹಿಂಬದಿಯ ಖಾಲಿ ನಿವೇಶನದಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ಅಲ್ಲಿಂದ ಬಂದ ದೂರಿನ ಮೇಲೆ ಪೊಲೀಸರು ಎರಡು ಸಲ ಕಾರ್ಯಕ್ರಮ ನಿಲ್ಲಿಸಿದರು, ಒಮ್ಮೆ ರಾತ್ರಿ 9.40ಕ್ಕೇ. ಹತ್ತು ಗಂಟೆಯ ನಿಯಮ ಮುಚ್ಚಿದ ಸಭಾಂಗಣಕ್ಕೂ ಅನ್ವಯಿಸುತ್ತದೆಯೇ? ನಾವೇ ಮೊದಲು ಬಂದವರು ಎಂಬುದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲವೇ? ಗೋಡೆಗೆ ಫೋಮ್ ಅಂಟಿಸಿದರೆ ಸಾಕಾಗುತ್ತದೆಯೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಿಗೂ ತಳದಲ್ಲಿರುವುದು ಒಂದೇ ವಿಷಯ. ಕಾನೂನು ನಿಮ್ಮ ವೇದಿಕೆಯ ಮೇಲೆ ಎಷ್ಟು ಶಬ್ದವಿದೆ ಎಂದು ಕೇಳುವುದಿಲ್ಲ, ನಿಮ್ಮ ಕಾಂಪೌಂಡಿನ ಅಂಚಿನಲ್ಲಿ ಎಷ್ಟಿದೆ ಎಂದು ಕೇಳುತ್ತದೆ. ಆ ಅಂಚಿನ ಸಂಖ್ಯೆ ನಿಮ್ಮ ಕೈಯಲ್ಲಿ ಇಲ್ಲದಿರುವವರೆಗೆ ನೀವು ಮಂಡಿಸುವ ಯಾವ ವಾದಕ್ಕೂ ಬಲ ಬರುವುದಿಲ್ಲ; ಆದ್ದರಿಂದ ವಕೀಲರ ಬಳಿಗೆ ಹೋಗುವ ಮೊದಲೇ ಅಳತೆ ಮಾಡಿಸಿ ಎಂದು ನಾನು ಹೇಳುತ್ತೇನೆ.

ಮೊದಲು ನಿಯಮವನ್ನು ನೋಡೋಣ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರ ರೂಪಿಸಿದ 2000ದ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು ಊರನ್ನು ನಾಲ್ಕು ವಲಯಗಳಾಗಿ ವಿಂಗಡಿಸುತ್ತವೆ. ಹಗಲಿನ ಮತ್ತು ರಾತ್ರಿಯ ಮಿತಿಗಳು ಕೈಗಾರಿಕಾ ವಲಯದಲ್ಲಿ 75 ಮತ್ತು 70 ಡೆಸಿಬೆಲ್, ವಾಣಿಜ್ಯ ವಲಯದಲ್ಲಿ 65 ಮತ್ತು 55, ವಸತಿ ವಲಯದಲ್ಲಿ 55 ಮತ್ತು 45, ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ಶಾಂತ ವಲಯದಲ್ಲಿ 50 ಮತ್ತು 40. ಈ ಲೆಕ್ಕದಲ್ಲಿ ಹಗಲೆಂದರೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ. ಖಾಸಗಿ ಜಾಗದ ಧ್ವನಿವರ್ಧಕವಾಗಲಿ ವಾದ್ಯವಾಗಲಿ, ಆ ಜಾಗದ ಗಡಿಯಲ್ಲಿ ವಲಯದ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದೆಂಬ ಷರತ್ತು 2010ರ ತಿದ್ದುಪಡಿಯಿಂದ ಬಂದಿದೆ. ನಿಮ್ಮದು ವಸತಿ ವಲಯವಾದರೆ ಗಡಿಯಲ್ಲಿ ಹಗಲು 60, ರಾತ್ರಿ 50. ವಾಣಿಜ್ಯ ವಲಯವಾದರೆ 70 ಮತ್ತು 60. ಈ 10 ಡೆಸಿಬೆಲ್‌ಗಳ ವ್ಯತ್ಯಾಸ ನಿಮ್ಮ ಖರ್ಚನ್ನು ಲಕ್ಷಗಳ ಲೆಕ್ಕದಲ್ಲಿ ಬದಲಾಯಿಸಬಲ್ಲದು. ನಿಮ್ಮ ರಸ್ತೆಯಲ್ಲಿ ಅಂಗಡಿಗಳಿವೆ ಎಂದ ಮಾತ್ರಕ್ಕೆ ಅದು ವಾಣಿಜ್ಯ ವಲಯವಾಗುವುದಿಲ್ಲ. ಮಿಶ್ರ ಪ್ರದೇಶವನ್ನು ಯಾವ ವಲಯವೆಂದು ಘೋಷಿಸಬೇಕೆನ್ನುವುದು ಸಕ್ಷಮ ಪ್ರಾಧಿಕಾರದ ನಿರ್ಧಾರ. ನಿಮ್ಮ ನಿವೇಶನದ ವರ್ಗೀಕರಣವನ್ನು ಲಿಖಿತವಾಗಿ ಪಡೆದಿಟ್ಟುಕೊಳ್ಳಿ.

ಹತ್ತು ಗಂಟೆಯ ನಂತರ ಧ್ವನಿವರ್ಧಕ, ಆಂಪ್ಲಿಫೈಯರ್ ಮಾತ್ರವಲ್ಲದೆ ಸಂಗೀತ ವಾದ್ಯವನ್ನೂ ಬಳಸಬಾರದೆಂದು ನಿಯಮ ಹೇಳುತ್ತದೆ. ಮೈಕ್ ಇಲ್ಲದೆ ನುಡಿಸಿದರೆ ತೊಂದರೆಯಿಲ್ಲ ಎಂಬ ನಂಬಿಕೆ ಕಲಾವಿದರಲ್ಲಿ ವ್ಯಾಪಕವಾಗಿದೆ, ಆದರೆ ನಿಯಮದ ಪದಗಳು ಅದಕ್ಕೆ ಆಸ್ಪದ ಕೊಡುವುದಿಲ್ಲ. ಇದಕ್ಕೆ ಅಪವಾದವಿರುವುದು ಸಭಾಂಗಣ, ಸಮ್ಮೇಳನ ಕೊಠಡಿ, ಸಮುದಾಯ ಭವನ, ಔತಣಕೂಟದ ಹಾಲ್‌ಗಳಂಥ ಮುಚ್ಚಿದ ಆವರಣಗಳ ಒಳಗಿನ ಬಳಕೆಗೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ: ನಿಮ್ಮ ಸಭಾಂಗಣ ಈ ಅಪವಾದವನ್ನು ಕೇಳಬಹುದು, ಆದರೆ ಅಪವಾದ ಸಿಗುವುದು ಗಡಿಯಾರದಿಂದ ಮಾತ್ರ, ಗಡಿಯಲ್ಲಿನ ಡೆಸಿಬೆಲ್ ಮಿತಿಯಿಂದಲ್ಲ. ಶಬ್ದ ಒಳಗೇ ಉಳಿಯದಿದ್ದರೆ ಕಟ್ಟಡ ಮುಚ್ಚಿದೆ ಎಂದು ವಾದಿಸಿ ಪ್ರಯೋಜನವಿಲ್ಲ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಇರಬೇಕೆಂಬ ಷರತ್ತು ಹಗಲಿಗೂ ಉಂಟು. ಅದು ನಿಮ್ಮಲ್ಲಿ ಇಲ್ಲದಿದ್ದರೆ ಇಂದೇ ಅರ್ಜಿ ಹಾಕಿ.

ರಾತ್ರಿ 9.40ಕ್ಕೆ ಕಾರ್ಯಕ್ರಮ ನಿಲ್ಲಿಸಿದ ವಿಷಯ. ನಿಯಮದ ಪ್ರಕಾರ ಅದು ಇನ್ನೂ ಹಗಲು. ಹಗಲಿನ ಹೊತ್ತಿನಲ್ಲಿ ದೂರು ಕೊಡಲು ವಲಯದ ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ಶಬ್ದವಿರಬೇಕು. ರಾತ್ರಿಯ ನಿರ್ಬಂಧದ ಉಲ್ಲಂಘನೆಯಾದರೆ ಅಷ್ಟು ಅಂತರ ಬೇಕಿಲ್ಲ. ಆ ದಿನ ಯಾರಾದರೂ ಮೀಟರ್ ಹಿಡಿದು ಅಳೆದಿದ್ದರೇ ಎಂದು ನೀವು ಬರೆದಿಲ್ಲ. ಅಳೆಯದೆ ನಿಲ್ಲಿಸಿದ್ದರೆ ಆಕ್ಷೇಪಿಸಲು ನಿಮಗೆ ಆಧಾರವಿದೆ, ಆದರೆ ಲಿಖಿತ ಅನುಮತಿಯಿಲ್ಲದೆ ಆಕ್ಷೇಪಿಸಲು ಹೋದರೆ ಮಾತು ಅಲ್ಲಿಗೇ ಹೊರಳುತ್ತದೆ.

ಬೆಂಗಳೂರಿಗೆ ಇನ್ನೊಂದು ಪದರವಿದೆ. ಕರ್ನಾಟಕ ಪೊಲೀಸ್ ಕಾಯ್ದೆಯಡಿ ಹೊರಡಿಸಲಾದ 2005ರ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶವು ಲೈವ್ ಬ್ಯಾಂಡ್‌ಗಳನ್ನು ಪೊಲೀಸ್ ಆಯುಕ್ತರ ಪರವಾನಗಿಗೆ ಒಳಪಡಿಸಿತು. ರೆಸ್ಟೋರೆಂಟ್ ಮಾಲೀಕರ ಸಂಘ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2018ರ ಜನವರಿಯಲ್ಲಿ ನ್ಯಾಯಾಲಯ ಆದೇಶವನ್ನು ಎತ್ತಿಹಿಡಿಯಿತು. ಆ ವರ್ಷ ಪರವಾನಗಿ ಪರಿಶೀಲನೆ ಬಿಗಿಯಾದಾಗ ನಗರದ ಅನೇಕ ಪಬ್‌ಗಳು, ಹೋಟೆಲುಗಳು ವೇದಿಕೆಯನ್ನೇ ತೆಗೆದು ಧ್ವನಿಮುದ್ರಿತ ಸಂಗೀತಕ್ಕೆ ಹೊರಳಿದವು. ಇದರಲ್ಲಿ ನನಗೆ ನೋವಿನ ಸಂಗತಿಯೆಂದರೆ, ದೂರುಗಳು ಹುಟ್ಟಿದ್ದು ಶಬ್ದದ ವಿಷಯಕ್ಕೆ, ಆದರೆ ಕತ್ತರಿ ಬಿದ್ದದ್ದು ಕಲಾವಿದರ ಮೇಲೆ. ದೊಡ್ಡ ಸ್ಪೀಕರಿನಲ್ಲಿ ಹಾಕಿದ ಹಾಡು ಗಿಟಾರ್ ಹಿಡಿದು ಕುಳಿತ ಒಬ್ಬ ಗಾಯಕನಿಗಿಂತ ಎಷ್ಟೋ ಪಾಲು ಜೋರಾಗಿರಬಲ್ಲದು. ನಿಮ್ಮ ಸಭಾಂಗಣ ಆ ಆದೇಶದ ವ್ಯಾಪ್ತಿಗೆ ಬರುತ್ತದೆಯೇ ಎಂಬ ಬಗ್ಗೆ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯಿರಿ. ಹಳೆಯ ಕಟ್ಟಡದ ಬಳಕೆ ಬದಲಾಗಿರುವುದರಿಂದ ಸ್ವಾಧೀನಾನುಭವ ಪತ್ರ ಮತ್ತು ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರದ ಪ್ರಶ್ನೆ ಖಂಡಿತ ಬರುತ್ತದೆ.

ಇನ್ನು ‘ನಾವೇ ಮೊದಲು ಬಂದವರು’ ಎಂಬ ವಾದ. ನ್ಯಾಯಭಾವನೆಯ ದೃಷ್ಟಿಯಿಂದ ಇದು ಬಲವಾದ ವಾದವೇ, ಆದರೆ ನಮ್ಮ ನಿಯಮಗಳಲ್ಲಿ ಇದಕ್ಕೆ ಸ್ಥಾನವಿಲ್ಲ. ಈ ನಿರಾಕರಣೆಯ ಬೇರು ಹಳೆಯ ಇಂಗ್ಲಿಷ್ ಕಾನೂನಿನಲ್ಲಿದೆ. 1879ರ ಸ್ಟರ್ಜಸ್ ವಿರುದ್ಧ ಬ್ರಿಡ್ಜ್‌ಮನ್ ಪ್ರಕರಣದಲ್ಲಿ ಲಂಡನ್ನಿನ ಮಿಠಾಯಿ ತಯಾರಕರೊಬ್ಬರು 20 ವರ್ಷಕ್ಕೂ ಮೇಲ್ಪಟ್ಟು ತಮ್ಮ ಅಡುಗೆಮನೆಯಲ್ಲಿ ಒರಳು ಕುಟ್ಟುತ್ತಿದ್ದರು. ಪಕ್ಕದ ವೈದ್ಯರು ತಮ್ಮ ತೋಟದ ತುದಿಯಲ್ಲಿ ಹೊಸದಾಗಿ ತಪಾಸಣಾ ಕೊಠಡಿ ಕಟ್ಟಿಕೊಂಡ ಮೇಲಷ್ಟೇ ಅದರ ಸದ್ದು ಅವರಿಗೆ ತೊಂದರೆಯಾಯಿತು. ನ್ಯಾಯಾಲಯ ವೈದ್ಯರ ಪರ ನಿಂತಿತು. ಉಪದ್ರವದ ಬಳಿಗೆ ತಾನಾಗಿ ಬಂದವನಿಗೂ ದೂರುವ ಹಕ್ಕಿದೆ ಎಂಬ ತತ್ತ್ವವನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2014ರಲ್ಲಿಯೂ, ಒಂದು ಮೋಟಾರು ಪಂದ್ಯದ ಕ್ರೀಡಾಂಗಣದ ಪ್ರಕರಣದಲ್ಲಿ, ಮೂಲತಃ ಉಳಿಸಿಕೊಂಡಿತು.

ಸಂಗೀತದ ಜಾಗಗಳ ಮಟ್ಟಿಗೆ ಈ ತತ್ತ್ವವನ್ನು ತಿರುಗಿಸಿದ್ದು ನ್ಯಾಯಾಲಯವಲ್ಲ, ನಗರ ಯೋಜನೆ. ಮೆಲ್ಬರ್ನ್ ನಗರವಿರುವ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ 2014ರಲ್ಲಿ ತನ್ನ ಯೋಜನಾ ನಿಯಮಗಳಿಗೆ ಒಂದು ಸೂತ್ರವನ್ನು ಸೇರಿಸಿತು: ಬದಲಾವಣೆ ತಂದವರು ಯಾರೋ ಅವರೇ ಅದರ ಪರಿಣಾಮವನ್ನು ನಿಭಾಯಿಸಬೇಕು. ಹಳೆಯ ಸಂಗೀತದ ಜಾಗದ ಪಕ್ಕದಲ್ಲಿ ಹೊಸ ಮನೆಗಳು ಬಂದರೆ ದಪ್ಪ ಗಾಜಿನ, ಬಿಗಿಯಾದ ಕಿಟಕಿಗಳ ಖರ್ಚು ಕಟ್ಟುವವರದು. ಹಳೆಯ ಮನೆಗಳ ಪಕ್ಕದಲ್ಲಿ ಹೊಸ ಸಂಗೀತದ ಜಾಗ ಬಂದರೆ ಶಬ್ದತಡೆಯ ಖರ್ಚು ಆ ಜಾಗದವರದು. ಇಂಗ್ಲೆಂಡ್ 2018ರಲ್ಲಿ ತನ್ನ ರಾಷ್ಟ್ರೀಯ ಯೋಜನಾ ನೀತಿಗೆ, ಸ್ಕಾಟ್ಲೆಂಡ್ 2019ರ ಯೋಜನಾ ಕಾಯ್ದೆಗೆ ಇದೇ ತತ್ತ್ವವನ್ನು ತಂದವು. ಇದಕ್ಕೂ ಮೊದಲು ಲಂಡನ್ನಿನ ಮಿನಿಸ್ಟ್ರಿ ಆಫ್ ಸೌಂಡ್ ಕ್ಲಬ್ಬಿನ ಎದುರು ವಸತಿ ಗೋಪುರ ಬರಲಿದ್ದಾಗ ವರ್ಷಗಟ್ಟಲೆ ಜಗ್ಗಾಟ ನಡೆದು, ಕಡೆಗೆ ಕ್ಲಬ್ ತನ್ನ ಆಗಿನ ಮಟ್ಟದ ಶಬ್ದವನ್ನು ಮಾಡಬಹುದೆಂಬ ಹಕ್ಕನ್ನು ಆಸ್ತಿಯ ದಸ್ತಾವೇಜಿನಲ್ಲಿಯೇ ಬರೆದು ಒಪ್ಪಂದವಾಯಿತು. ಅಲ್ಲಿ ಮನೆ ಕೊಳ್ಳುವವರಿಗೆ ಆ ವಿಷಯ ಕೊಳ್ಳುವ ಮೊದಲೇ ಗೊತ್ತಿರುತ್ತದೆ.

ಇಂಥ ಸೂತ್ರ ಬೆಂಗಳೂರಿಗೆ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ಹಿಂಬದಿಯಲ್ಲಿ ಅಪಾರ್ಟ್‌ಮೆಂಟಿನ ನಕ್ಷೆಗೆ ಮಂಜೂರಾತಿ ಕೊಟ್ಟಾಗ, ಪಕ್ಕದಲ್ಲೊಂದು ಸಂಗೀತ ಸಭಾಂಗಣವಿದೆ, ಆ ಮುಖದ ಮಲಗುವ ಕೋಣೆಗಳಿಗೆ ಎರಡು ಪದರದ ಗಾಜು ಬೇಕು ಎಂದು ಯಾರಾದರೂ ಷರತ್ತು ಹಾಕಿದ್ದರೆ ನೀವು ಇಂದು ಈ ಪತ್ರ ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ. ಆದರೆ ಇಲ್ಲದ ಕಾನೂನನ್ನು ನಂಬಿ ಠಾಣೆಗೆ ಹೋಗಬೇಡಿ. 2005ರ ಜುಲೈನಲ್ಲಿ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಹೋಟಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಶಬ್ದದ ಉಪಟಳವಿಲ್ಲದೆ ಬದುಕುವುದನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿದೆ. ಬೇಡವೆಂದವರ ಕಿವಿಗೆ ಶಬ್ದವನ್ನು ತುರುಕುವ ಹಕ್ಕು ಯಾರಿಗೂ ಇಲ್ಲ ಎಂಬುದು ಆ ತೀರ್ಪಿನ ಸಾರ. ಹಿಂದಿನ ಮನೆಯ ಮಗುವಿನ ನಿದ್ದೆಯೂ ನಿಮ್ಮ ವೇದಿಕೆಯಷ್ಟೇ ನಿಜವಾದದ್ದು.

ಈಗ ಕಟ್ಟಡಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಿಮ್ಮ ಸಮಸ್ಯೆಯ ಬಹುಪಾಲು ಇಲ್ಲಿಯೇ ಬಗೆಹರಿಯಬಹುದು.

ಫೋಮ್ ಅಂಟಿಸಬೇಡಿ. ಫೋಮ್, ಮೊಟ್ಟೆ ಟ್ರೇ, ದಪ್ಪ ಪರದೆ ಇವೆಲ್ಲ ಕೋಣೆಯೊಳಗಿನ ಅನುರಣನವನ್ನು (ಪ್ರತಿಧ್ವನಿಯ ಗುಂಗನ್ನು), ಅದರಲ್ಲೂ ತಾರ ಸ್ವರಗಳದ್ದನ್ನು, ಹೀರುತ್ತವೆಯೇ ಹೊರತು ಶಬ್ದ ಹೊರಹೋಗುವುದನ್ನು ತಡೆಯುವುದಿಲ್ಲ. ಶಬ್ದವನ್ನು ತಡೆಯುವುದು ತೂಕ, ಮತ್ತು ಸಂದಿಯಿಲ್ಲದ ಬಿಗಿತ. ನಿಮ್ಮ 9 ಇಂಚಿನ ಇಟ್ಟಿಗೆ ಗೋಡೆ ಪ್ರತಿ ಚದರ ಮೀಟರಿಗೆ 400 ಕಿಲೋಗ್ರಾಮಿಗೂ ಹೆಚ್ಚು ತೂಗುತ್ತದೆ. ಎರಡೂ ಬದಿ ಗಾರೆಯಾಗಿದ್ದರೆ ಸುಮಾರು 50 ಡೆಸಿಬೆಲ್ ತಡೆಯಬಲ್ಲದು. ನಿಮ್ಮ ಛಾವಣಿಯ ಶೀಟು ಚದರ ಮೀಟರಿಗೆ 5 ಕಿಲೋಗ್ರಾಂ ಕೂಡ ತೂಗುವುದಿಲ್ಲ, 20 ಡೆಸಿಬೆಲ್‌ಗಿಂತ ಹೆಚ್ಚೇನೂ ತಡೆಯುವುದಿಲ್ಲ. ಒಳಗೆ 95 ಡೆಸಿಬೆಲ್ ಇದ್ದರೆ ಗೋಡೆಯ ಹೊರಮೈಯಲ್ಲಿ 45, ಛಾವಣಿಯ ಮೇಲೆ 75. ಹಿಂದಿನ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಗಳು ನೇರವಾಗಿ ನೋಡುತ್ತಿರುವುದು ಆ ಛಾವಣಿಯನ್ನೇ. ಹೊಸ ನೆರೆಯವರು ಬರುವವರೆಗೆ ದೂರು ಬಾರದಿದ್ದುದಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ: ಹಿಂದೆ ಸುತ್ತಲಿದ್ದವರು ನೆಲಮಟ್ಟದಲ್ಲಿದ್ದರು, ನಿಮ್ಮ ದಪ್ಪ ಗೋಡೆ ಅವರನ್ನು ಕಾಪಾಡುತ್ತಿತ್ತು.

ಇಂಥ ಕಟ್ಟಡದಲ್ಲಿ ಅತ್ಯಂತ ದುರ್ಬಲವಾದ ಭಾಗವೇ ಎಲ್ಲವನ್ನೂ ನಿರ್ಧರಿಸುತ್ತದೆ. 40 ಚದರ ಮೀಟರಿನ ಗೋಡೆ 50 ಡೆಸಿಬೆಲ್ ತಡೆಯುವಂಥದ್ದಿರಲಿ; ಅದರಲ್ಲಿ 25 ಡೆಸಿಬೆಲ್ ತಡೆಯುವ, 2 ಚದರ ಮೀಟರಿನ ಒಂದು ಸಾಧಾರಣ ಬಾಗಿಲಿಟ್ಟರೆ ಒಟ್ಟು ತಡೆ ಸುಮಾರು 38ಕ್ಕೆ ಇಳಿಯುತ್ತದೆ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದ ಸಂದಿಯಾಗಿದ್ದರೆ, ಉಳಿದದ್ದು ಕಲ್ಲಿನದೇ ಇರಲಿ, 20 ಡೆಸಿಬೆಲ್ ದಾಟುವುದಿಲ್ಲ. ನಾನು ಕೆಲಸ ಮಾಡಿದ ಒಂದು ಸಭಾಂಗಣದಲ್ಲಿ ಗೋಡೆ, ಬಾಗಿಲು, ಛಾವಣಿ ಎಲ್ಲವನ್ನೂ ಸರಿಪಡಿಸಿದ ಮೇಲೂ ದೂರು ನಿಲ್ಲಲಿಲ್ಲ. ಮೂರನೆಯ ಭೇಟಿಯಲ್ಲಿ ಸಿಕ್ಕಿದ್ದು ಶೌಚಾಲಯದ ಎಕ್ಸಾಸ್ಟ್ ಫ್ಯಾನಿನ ತೂತು. ಅದನ್ನು ಮೊದಲ ದಿನವೇ ನೋಡಬೇಕಿತ್ತು ಎಂಬ ಬೇಸರ ನನಗೆ ಇಂದಿಗೂ ಇದೆ.

ಆದ್ದರಿಂದ ಕೆಲಸದ ಕ್ರಮ ಛಾವಣಿಯಿಂದ ಆರಂಭವಾಗಲಿ. ಶೀಟಿನ ಕೆಳಗೆ ಕನಿಷ್ಠ 150 ಮಿಲಿಮೀಟರ್ ಅಂತರ ಬಿಟ್ಟು, ಆ ಜಾಗದಲ್ಲಿ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ತುಂಬಿ, ರಬ್ಬರ್ ಅಥವಾ ಸ್ಪ್ರಿಂಗ್ ಇರುವ ತೂಗುಕೊಂಡಿಗಳಿಗೆ ಎರಡು ಪದರ ಜಿಪ್ಸಮ್ ಬೋರ್ಡಿನ ಒಳಛಾವಣಿಯನ್ನು ಕಟ್ಟಿಸಿ, ಅಂಚುಗಳನ್ನು ಪೂರ್ತಿಯಾಗಿ ಮುಚ್ಚಿಸಿ. ಇದರಿಂದ ಚದರ ಮೀಟರಿಗೆ ಸುಮಾರು 20 ಕಿಲೋಗ್ರಾಂ ಹೆಚ್ಚುವರಿ ಭಾರ ಬೀಳುವುದರಿಂದ ಛಾವಣಿಯನ್ನು ಹೊತ್ತ ಕಬ್ಬಿಣದ ಟ್ರಸ್‌ಗಳು ತಾಳುತ್ತವೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರರಿಂದ ಪರೀಕ್ಷಿಸಿಯೇ ಮುಂದುವರಿಯಿರಿ. ಬಾಗಿಲಿಗೆ ಸುತ್ತಲೂ ರಬ್ಬರ್ ಸೀಲು, ಸಾಧ್ಯವಾದರೆ ನಡುವೆ ಸಣ್ಣ ಪಡಸಾಲೆ ಬಿಟ್ಟು ಎರಡು ಬಾಗಿಲುಗಳು. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು. ಎಲ್ಲವನ್ನೂ ಮುಚ್ಚಿದ ಮೇಲೆ ಗಾಳಿ ಬೇಕಲ್ಲ: ಎಸಿ ನಾಳದ ಒಳಮೈಗೆ ಶಬ್ದ ಹೀರುವ ಹೊದಿಕೆ ಹಾಕಿ, ಹೊರಗೆ ಹೋಗುವ ಮೊದಲು ಎರಡು ತಿರುವುಗಳನ್ನು ಕೊಡಿಸಿ. ಹೊರಗಿನ ಎಸಿ ಯಂತ್ರವೇ ಮತ್ತೊಂದು ದೂರಿಗೆ ಕಾರಣವಾಗದಂತೆ ಅದನ್ನು ರಸ್ತೆಯ ಬದಿಗೆ ಇಡಿಸಿ.

ಇನ್ನು ಎಲ್ಲಕ್ಕಿಂತ ಕಷ್ಟದ ವಿಷಯ ಮಂದ್ರ ಸ್ವರಗಳದ್ದು. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅದರ ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಅಂಥ ಅಲೆಗೆ ನಿಮ್ಮ ಗೋಡೆಯೂ ತಾರ ಸ್ವರಕ್ಕೆ ಒಡ್ಡುವಷ್ಟು ತಡೆಯನ್ನು ಒಡ್ಡುವುದಿಲ್ಲ. ನಿಯಮ ಬಳಸುವ ಅಳತೆಯಾದರೋ ಮನುಷ್ಯನ ಕಿವಿಯ ಗುಣಕ್ಕೆ ಹೊಂದಿಸಿದ ‘ಎ’ ತೂಕದ ಡೆಸಿಬೆಲ್. ಅದು 63 ಹರ್ಟ್ಸ್‌ನ (ಸೆಕೆಂಡಿಗೆ 63 ಕಂಪನಗಳ) ಶಬ್ದದಿಂದ ಸುಮಾರು 26 ಡೆಸಿಬೆಲ್ ಕಳೆದು ಲೆಕ್ಕ ಹಾಕುತ್ತದೆ. ಹೀಗಾಗಿ ಗಡಿಯಲ್ಲಿ ಮೀಟರ್ 50 ತೋರಿಸಿ ನೀವು ಕಾನೂನಿನ ಒಳಗೇ ಇರಬಹುದು, ಅದೇ ಹೊತ್ತಿನಲ್ಲಿ ಹಿಂದಿನ ಮನೆಯವರ ದಿಂಬಿನ ಕೆಳಗೆ ಕಿಕ್ ಡ್ರಮ್ಮಿನ ‘ಧಮ್ ಧಮ್’ ನಡೆಯುತ್ತಿರಬಹುದು. ಕಾಗದದಲ್ಲಿ ಗೆದ್ದು ನೆರೆಯವರನ್ನು ಕಳೆದುಕೊಳ್ಳುವುದು ಇಲ್ಲಿಯೇ. ಅಳತೆ ಮಾಡಿಸುವಾಗ ಮಂದ್ರವನ್ನು ಅಷ್ಟಾಗಿ ಕಳೆಯದ ‘ಸಿ’ ತೂಕದ ಅಳತೆಯನ್ನೂ, 63 ಮತ್ತು 125 ಹರ್ಟ್ಸ್ ಪಟ್ಟಿಗಳ ಪ್ರತ್ಯೇಕ ಅಂಕಿಗಳನ್ನೂ ಕೇಳಿ ಪಡೆಯಿರಿ. ನಿಯಮ ಕೇಳದಿದ್ದರೂ ನಿಮಗೆ ಅವು ಬೇಕು. ಮಂದ್ರ ಸ್ವರಗಳ ಸ್ಪೀಕರಾದ ಸಬ್‌ವೂಫರನ್ನು ನೆಲಕ್ಕೂ ವೇದಿಕೆಗೂ ತಾಗದಂತೆ ರಬ್ಬರ್ ಹಾಸಿನ ಮೇಲೆ ಇಡಿ, ಹಿಂಗೋಡೆಯಿಂದ ದೂರಕ್ಕೆ ಸರಿಸಿ. 90 ಆಸನಗಳ ಕೋಣೆಗೆ ಸಬ್‌ವೂಫರ್ ಬೇಕೇ ಎಂಬುದನ್ನೂ ಯೋಚಿಸಿ; ವೀಣೆಗೆ, ಭಾವಗೀತೆಗೆ ಖಂಡಿತ ಬೇಡ. ತಮ್ಮ ಧ್ವನಿ ತಮಗೇ ಕೇಳಿಸಲೆಂದು ಕಲಾವಿದರ ಮುಂದೆ ಇಡುವ ಮಾನಿಟರ್ ಸ್ಪೀಕರುಗಳ ಬದಲು ಕಿವಿಯೊಳಗಿನ ಮಾನಿಟರ್ ಬಳಸಿದರೆ ಒಟ್ಟು ಮಟ್ಟ ತಾನಾಗಿ ಇಳಿಯುತ್ತದೆ. ಮಿಕ್ಸರಿನ ಕೊನೆಯಲ್ಲಿ, ಶಬ್ದ ನಿಗದಿತ ಮಟ್ಟ ಮೀರದಂತೆ ತಡೆಯುವ, ಬೀಗವಿರುವ ಲಿಮಿಟರ್ ಇರಲಿ. ಸಂಗೀತದ ಜಾಗಗಳಲ್ಲಿ 15 ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡ ಹೊರಡಿಸಿದ್ದು ಕೇಳುಗರ ಕಿವಿಯ ರಕ್ಷಣೆಗಾಗಿ. ಸಣ್ಣ ಕೋಣೆಗೆ ಅದಕ್ಕಿಂತ ಕೆಳಗೇ ನಿಲ್ಲುವುದು ಒಳ್ಳೆಯದು.

ಬಯಲಿನಲ್ಲಿ ಕಲೆ ನಡೆಸುವವರಿಗೆ ಈ ಉಪಾಯಗಳಾವುವೂ ಇಲ್ಲ ಎಂಬುದನ್ನು ನೆನೆದರೆ ನಿಮ್ಮ ಪರಿಸ್ಥಿತಿ ಎಷ್ಟೋ ಮೇಲು. ಹತ್ತು ಗಂಟೆಯ ನಿಯಮದ ಕಾರಣಕ್ಕೆ 2022ರಲ್ಲಿ ಕಟೀಲು ಯಕ್ಷಗಾನ ಮೇಳಗಳು ಇಡೀ ರಾತ್ರಿಯ ಆಟವನ್ನು ಕಾಲಮಿತಿಗೆ ಇಳಿಸಲು ಮುಂದಾದಾಗ ದಕ್ಷಿಣ ಕನ್ನಡದ ಭಕ್ತರು, ಕಲಾಭಿಮಾನಿಗಳು ಬೀದಿಗಿಳಿದು ವಿರೋಧಿಸಿದ್ದು ನಿಮಗೆ ನೆನಪಿರಬಹುದು. ಅಲ್ಲಿನ ಪ್ರಶ್ನೆ ಬರಿಯ ಶಬ್ದದ್ದಾಗಿರಲಿಲ್ಲ. ಬೆಳಗಿನವರೆಗೆ ಹರಡಿಕೊಳ್ಳುವ ಪ್ರಸಂಗವನ್ನು ಕೆಲವೇ ಗಂಟೆಗಳಿಗೆ ಒತ್ತಿದರೆ ಕಥೆಗೆ ಮುಂಚಿನ ಪೂರ್ವರಂಗ ಕರಗುತ್ತದೆ, ಪಾತ್ರಗಳ ವೈಭವದ ಪ್ರವೇಶವಾದ ಒಡ್ಡೋಲಗ ಮೊಟಕಾಗುತ್ತದೆ, ಭಾಗವತರಿಗೆ ಪದ್ಯವನ್ನು ಎಳೆದು ಹಾಡುವ ಅವಕಾಶ ಹೋಗುತ್ತದೆ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ, ಆದರೆ ತಿಂಗಳುಗಟ್ಟಲೆ ತಿರುಗಾಟ ನಡೆಸುವ ಮೇಳಕ್ಕೆ 15 ದಿನ ಯಾವ ಮೂಲೆಗೆ ಸಾಕು? ನಗರದ ಬಯಲು ಕಛೇರಿಗಳಲ್ಲಿಯೂ ಗಡಿಯಾರ ಹತ್ತಕ್ಕೆ ಹತ್ತಿರವಾದಂತೆ ಮೊದಲು ಸೊರಗುವುದು ರಾಗ ತಾನ ಪಲ್ಲವಿ ಎಂಬ ವಿಸ್ತಾರವಾದ ಭಾಗ. ಮುಚ್ಚಿದ, ಶಬ್ದ ಸೋರದ ಸಣ್ಣ ಸಭಾಂಗಣಗಳು ಬೆಂಗಳೂರಿಗೆ ಇನ್ನಷ್ಟು ಬೇಕೆಂದು ನಾನು ಆಸೆಪಡುವುದು ಈ ಕಾರಣಕ್ಕೂ ಹೌದು. ಅಲ್ಲಿ ಮಾತ್ರ ಕಲಾವಿದರು ಗಡಿಯಾರ ನೋಡದೆ ಹಾಡಬಲ್ಲರು.

ಕೊನೆಗೆ ಈ ತಿಂಗಳು ಮಾಡಬೇಕಾದ ಕೆಲಸ. ಮಾನ್ಯತೆ ಪಡೆದ ಪ್ರಯೋಗಾಲಯದಿಂದ ಎರಡು ರಾತ್ರಿ ಅಳತೆ ಮಾಡಿಸಿ, ಒಂದು ಕಾರ್ಯಕ್ರಮವಿರುವ ದಿನ, ಒಂದು ಇಲ್ಲದ ದಿನ. ರಸ್ತೆಯ ವಾಹನಗಳ ಸದ್ದೇ ಮಿತಿ ಮೀರಿರುವುದು ನಮ್ಮ ನಗರದಲ್ಲಿ ಅಪರೂಪವಲ್ಲ, ಆ ಹಿನ್ನೆಲೆ ಶಬ್ದದ ದಾಖಲೆ ನಿಮ್ಮ ಬಳಿ ಇರಬೇಕು. ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದವರನ್ನು ಭೇಟಿಯಾಗಿ, ಯಾವ ಕೋಣೆಯಲ್ಲಿ ಎಷ್ಟು ಹೊತ್ತಿಗೆ ಏನು ಕೇಳಿಸುತ್ತದೆ ಎಂದು ವಿಚಾರಿಸಿ, ಅವರ ಒಪ್ಪಿಗೆಯಿದ್ದರೆ ಅವರ ಮನೆಯೊಳಗೂ ಅಳೆಯಿಸಿ. ಅನೇಕ ಸಲ ಅವರ ನಿಜವಾದ ತೊಂದರೆ ಸಂಗೀತದ್ದಾಗಿರುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಗೇಟಿನ ಬಳಿ ನಿಂತು ಮಾತಾಡುವ ಜನರದ್ದು, ಬೈಕುಗಳದ್ದು ಆಗಿರುತ್ತದೆ. ಅದಕ್ಕೆ ಗೇಟಿನಲ್ಲಿ ಒಬ್ಬರನ್ನು ನಿಲ್ಲಿಸಿದರೆ ಸಾಕು. ಪ್ರತಿ ಕಾರ್ಯಕ್ರಮದ ದಿನ ಗಡಿಯಲ್ಲಿನ ಅಳತೆ, ಆರಂಭ ಮತ್ತು ಮುಕ್ತಾಯದ ಸಮಯ, ಬಂದ ದೂರು ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಛಾವಣಿಯ ಕೆಲಸ ಮುಗಿಯುವವರೆಗೆ ಡ್ರಮ್ಸ್ ಇರುವ ಬ್ಯಾಂಡ್‌ಗಳನ್ನು ಸಂಜೆ 4 ಗಂಟೆಗೆ ಇಟ್ಟುಕೊಂಡು, ರಾತ್ರಿಯ ಹೊತ್ತನ್ನು ವೀಣೆಗೂ ಭಾವಗೀತೆಗೂ ಕೊಡಿ. ಕೆಲಸ ಮುಗಿದ ಮೇಲೆ ಅದೇ ಜಾಗಗಳಲ್ಲಿ ಮತ್ತೆ ಅಳೆಯಿಸಿ, ಎರಡೂ ವರದಿಗಳನ್ನು ಧ್ವನಿವರ್ಧಕದ ಅರ್ಜಿಯೊಂದಿಗೆ ಠಾಣೆಗೆ ಸಲ್ಲಿಸಿ, ಒಂದು ಪ್ರತಿಯನ್ನು ನಿವಾಸಿಗಳ ಸಂಘಕ್ಕೂ ತಲುಪಿಸಿ.